ಹೆಡ್‌ಲೈಟಿನ ಬೆಳಕು ಸೋರುವುದೆಲ್ಲಿ? ಎಚ್4 ದೀಪದ ಬಗ್ಗೆ ಒಂದು ಟಿಪ್ಪಣಿ

ಹೆಡ್‌ಲೈಟು ಮಂಕು ಎಂಬ ದೂರಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಆಟೊ ಎಲೆಕ್ಟ್ರಿಕಲ್ ಅಂಗಡಿಯವರೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಬಲ್ಬ್ ಬದಲಾಯಿಸಿ. ಮೊದಲು 100/90 ವ್ಯಾಟಿನದು ಹಾಕಿಸಿ ಎನ್ನುತ್ತಿದ್ದರು, ಈಗ ಎಲ್‌ಇಡಿ ಹಾಕಿಸಿ ಎನ್ನುತ್ತಾರೆ. ಎರಡು ಸಲಹೆಗಳೂ ಕತ್ತಲೆಗೆ ಬಲ್ಬೇ ಕಾರಣ ಎಂದು ಹಿಡಿದುಕೊಂಡೇ ಹೊರಡುತ್ತವೆ. ಅದು ಎಷ್ಟರಮಟ್ಟಿಗೆ ನಿಜ ಎಂದು ನೋಡುವುದು ಈ ಟಿಪ್ಪಣಿಯ ಉದ್ದೇಶ. ನಮ್ಮ ಹಳೆಯ ಕಾರು, ಜೀಪು, ಬೈಕುಗಳಲ್ಲಿ ವ್ಯಾಪಕವಾಗಿ ಕಾಣುವ ಎಚ್4 ಹ್ಯಾಲೊಜೆನ್ ಬಲ್ಬನ್ನೇ ಇಲ್ಲಿ ಆಧಾರವಾಗಿ ಇಟ್ಟುಕೊಂಡಿದ್ದೇನೆ.

1971ರಲ್ಲಿ ಬಳಕೆಗೆ ಬಂದ ಎಚ್4ನ ಒಂದೇ ಗಾಜಿನೊಳಗೆ ಎರಡು ತಂತಿಸುರುಳಿಗಳಿವೆ. ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55. ಪರೀಕ್ಷಾ ವೋಲ್ಟೇಜ್ 13.2 ಇದ್ದಾಗ ಇವು ಕ್ರಮವಾಗಿ ಸುಮಾರು 1650 ಮತ್ತು 1000 ಲ್ಯೂಮೆನ್ ಬೆಳಕು ಕೊಡಬೇಕೆಂಬುದು ಮಾನದಂಡ. ಲೋ ಬೀಮಿನ ಸುರುಳಿಯ ಕೆಳಗೆ ಪುಟ್ಟ ಲೋಹದ ಬಟ್ಟಲೊಂದಿದೆ. ಕೆಳಕ್ಕೆ ಹೋಗುವ ಬೆಳಕನ್ನು ಅದು ತಡೆಯುವುದರಿಂದ ರಿಫ್ಲೆಕ್ಟರಿನ ಮೇಲ್ಭಾಗವಷ್ಟೇ ಬೆಳಗುತ್ತದೆ, ಬೆಳಕು ರಸ್ತೆಯ ಕಡೆಗೆ ಬಾಗುತ್ತದೆ. ಬಟ್ಟಲಿನ ಒಂದು ಅಂಚು 15 ಡಿಗ್ರಿ ಓರೆ. ಗೋಡೆಗೆ ಲೋ ಬೀಮ್ ಹಾಯಿಸಿದಾಗ ಒಂದು ಬದಿ ಮಟ್ಟಸವಾಗಿದ್ದು ಇನ್ನೊಂದು ಬದಿ ಮೇಲಕ್ಕೇರುವುದು ಈ ಓರೆಯಿಂದಲೇ. ನಮ್ಮಲ್ಲಿ ಆ ಏರು ಎಡಕ್ಕಿರಬೇಕು, ರಸ್ತೆ ಅಂಚಿನ ಪಾದಚಾರಿ ಕಾಣಲೆಂದು. ಬಲಬದಿ ಸಂಚಾರದ ದೇಶಕ್ಕೆಂದು ಮಾಡಿದ ದೀಪವನ್ನು ಇಲ್ಲಿ ಕೂಡಿಸಿದರೆ ಆ ಏರು ನೇರವಾಗಿ ಎದುರು ಬರುವವರ ಕಣ್ಣಿಗೇ ಹೋಗುತ್ತದೆ.

ಈಗ ವೋಲ್ಟೇಜಿನ ವಿಷಯ. ಈ ಟಿಪ್ಪಣಿಯ ತಿರುಳು ಇಲ್ಲಿದೆ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಅಂದರೆ ವೋಲ್ಟೇಜು ಶೇ 10ರಷ್ಟು ಕುಸಿದರೆ ಬೆಳಕು ಶೇ 30ರಷ್ಟು ಕುಸಿಯುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ 13.8 ವೋಲ್ಟ್ ಇದ್ದು, ತೆಳು ವೈರು, ಸವೆದ ಡಿಪ್ಪರ್ ಸ್ವಿಚ್ಚು, ತುಕ್ಕು ಹಿಡಿದ ಅರ್ಥ್ ಇವೆಲ್ಲ ದಾಟಿ ಬಲ್ಬಿಗೆ ತಲುಪುವುದು 12 ವೋಲ್ಟ್ ಎಂದುಕೊಳ್ಳಿ. ನಷ್ಟ ಬರೀ 1.8 ವೋಲ್ಟ್. ಆದರೆ ಬೆಳಕು 13.8ರಲ್ಲಿ ಸಿಗಬೇಕಾದ್ದರ ಶೇ 62ಕ್ಕೆ ಇಳಿದಿರುತ್ತದೆ. ಬಲ್ಬಿನಲ್ಲಿ ಯಾವ ದೋಷವೂ ಇಲ್ಲ.

ಇಂಥ ವಾಹನಕ್ಕೆ 100/90 ಹಾಕಿದರೆ ಏನಾಗುತ್ತದೆ? ಲೆಕ್ಕ ಮಾಡಿ ನೋಡಬಹುದು. ಎರಡು 55 ವ್ಯಾಟ್ ಬಲ್ಬುಗಳು 12 ವೋಲ್ಟಿನಲ್ಲಿ ಎಳೆಯುವುದು ಸುಮಾರು 9 ಆಂಪಿಯರ್. 1.8 ವೋಲ್ಟ್ ನಷ್ಟವೆಂದರೆ ಆ ದಾರಿಯ ಪ್ರತಿರೋಧ ಹತ್ತಿರಹತ್ತಿರ 0.2 ಓಮ್. ಅದೇ ದಾರಿಯಲ್ಲಿ 90 ವ್ಯಾಟಿನ ಜೋಡಿ 14 ಆಂಪಿಯರ್ ದಾಟಿ ಎಳೆಯುತ್ತದೆ, ನಷ್ಟ 2.8 ವೋಲ್ಟಿಗೇರುತ್ತದೆ, ಬಲ್ಬಿಗೆ ಸಿಗುವುದು 11 ವೋಲ್ಟ್ ಮಾತ್ರ. 13.8 ವೋಲ್ಟಿನಲ್ಲಿ ಅದು ಕೊಡಬಹುದಾಗಿದ್ದ ಬೆಳಕಿನ ಅರ್ಧಕ್ಕಿಂತ ಹೆಚ್ಚು ಹೀಗೆ ಹೋಯಿತು. ಜೊತೆಗೆ ವೈರು ಮತ್ತು ಸ್ವಿಚ್ಚಿನಲ್ಲಿ 40 ವ್ಯಾಟಿನಷ್ಟು ಬಿಸಿ ಹುಟ್ಟುತ್ತದೆ. ರೇಡಿಯೊ ರಿಪೇರಿಯ ಬೆಸುಗೆ ಕಡ್ಡಿಗೆ 25 ವ್ಯಾಟ್ ಸಾಕು. ಈ ಬಿಸಿಯ ಗುರುತು ಬೇಕಿದ್ದರೆ ಬಲ್ಬಿನ ಹಿಂದಿನ ಮೂರು ಪಿನ್ನಿನ ಹೋಲ್ಡರ್ ಕಿತ್ತು ನೋಡಬೇಕು. ಪ್ಲಾಸ್ಟಿಕ್ ಕಂದುಗಟ್ಟಿ, ಒಂದು ಪಿನ್ನಿನ ಸುತ್ತ ಕರಗಿ, ವೈರಿನ ಹೊದಿಕೆ ಗರಿಗರಿಯಾಗಿ ಮುರಿಯುವಂತಿರುತ್ತದೆ. 100/90 ಹಾಕಿದ ಮೇಲೂ ಬೆಳಕು ಅಷ್ಟೇನೂ ಹೆಚ್ಚಲಿಲ್ಲ ಎನ್ನುವವರ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಪರಿಹಾರ ರಿಲೇ, ಅಂದರೆ ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು. ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರು ರಿಲೇಯ 30ನೇ ಪಿನ್ನಿಗೆ, 87ರಿಂದ ನೇರ ಬಲ್ಬಿಗೆ; ಹಳೆಯ ಸ್ವಿಚ್ಚಿನ ವೈರು 86ಕ್ಕೆ, 85 ಅರ್ಥಿಗೆ. ಹೈ, ಲೋ ಎರಡಕ್ಕೂ ಒಂದೊಂದು ರಿಲೇ. ಸ್ವಿಚ್ಚಿನ ಮೇಲೆ ಆಗ ರಿಲೇಯ ಸುರುಳಿಗೆ ಬೇಕಾದ ಅಲ್ಪ ಕರೆಂಟಿನ ಹೊರೆ ಮಾತ್ರ. 12 ವೋಲ್ಟಿನಲ್ಲಿ ನರಳುತ್ತಿದ್ದ ಅದೇ 55 ವ್ಯಾಟ್ ಬಲ್ಬಿಗೆ 13.5 ಸಿಕ್ಕರೆ ಬೆಳಕು ಹತ್ತಿರಹತ್ತಿರ ಒಂದೂವರೆ ಪಟ್ಟಾಗುತ್ತದೆ. ಬಲ್ಬಿನ ಆಯುಷ್ಯ ಕಡಿಮೆಯಾಗುವುದು ನಿಜ, ಆದರೆ ಅದನ್ನು ತಯಾರಿಸಿದ್ದೇ ಈ ವೋಲ್ಟೇಜಿಗೆ. ಕೆಲವು ಜಪಾನಿ ಮೂಲದ ಕಾರುಗಳಲ್ಲಿ ಸ್ವಿಚ್ಚು ಅರ್ಥ್ ಬದಿಯಲ್ಲಿರುತ್ತದೆ. ಅಲ್ಲಿ ಮೇಲಿನ ಜೋಡಣೆ ಹಾಗೆಯೇ ನಡೆಯುವುದಿಲ್ಲ. ಇತ್ತೀಚಿನ ಅನೇಕ ಕಾರುಗಳಲ್ಲಿ ರಿಲೇ ಕಂಪನಿಯಿಂದಲೇ ಬಂದಿರುತ್ತದೆ, ಅಂಥವುಗಳ ವೈರು ಕತ್ತರಿಸುವುದು ತೊಂದರೆಯನ್ನು ಕರೆದು ತಂದಂತೆ.

ಎಲ್‌ಇಡಿ ಬಲ್ಬು ಕರೆಂಟು ಕಡಿಮೆ ಎಳೆಯುತ್ತದೆ, ವೈರಿನ ಸಮಸ್ಯೆಯನ್ನು ಪಕ್ಕಕ್ಕೆ ಸರಿಸುತ್ತದೆ, ಒಪ್ಪೋಣ. ಅದರ ತೊಡಕು ಬೇರೆ. ಎಚ್4ನ ರಿಫ್ಲೆಕ್ಟರನ್ನು ರೂಪಿಸಿರುವುದು ಕೆಲವೇ ಮಿಲಿಮೀಟರ್ ಉದ್ದದ, ನಿರ್ದಿಷ್ಟ ಜಾಗದಲ್ಲಿ ಕುಳಿತ, ಸುತ್ತಲೂ ಬೆಳಕು ಸೂಸುವ ಸುರುಳಿಗಾಗಿ. ಎಲ್‌ಇಡಿಯಲ್ಲಿ ಚಿಪ್ಪುಗಳು ಚಪ್ಪಟೆ ಪಟ್ಟಿಯೊಂದರ ಎರಡು ಮಗ್ಗುಲಿಗೆ ಕೂತಿರುತ್ತವೆ, ನಡುವೆ ಪಟ್ಟಿಯ ದಪ್ಪ. ಬೆಳಕು ಹುಟ್ಟುವ ಜಾಗ ತುಸು ಸರಿದರೂ ಗೋಡೆಯ ಮೇಲಿನ ಚೂಪು ಗೆರೆ ಕಲಸಿಹೋಗುತ್ತದೆ. ಹೆಚ್ಚುವರಿ ಬೆಳಕು ಬಾನೆಟ್ಟಿನ ಮುಂದಿನ ಹತ್ತು ಹದಿನೈದು ಮೀಟರಿನಲ್ಲಿ ಸುರಿದಾಗ ಚಾಲಕನಿಗೆ ಖುಷಿಯಾಗುತ್ತದೆ, ಆದರೆ ಹತ್ತಿರದ ಹೊಳಪಿಗೆ ಒಗ್ಗಿದ ಕಣ್ಣು ದೂರದ ಕತ್ತಲನ್ನು ಇನ್ನಷ್ಟು ಕಡಿಮೆ ಗ್ರಹಿಸುತ್ತದೆ. ಜರ್ಮನಿಯಲ್ಲಿ ಇಂಥ ಬದಲಿ ಎಲ್‌ಇಡಿಗೆ ಮೊದಲ ಅನುಮತಿ ದೊರೆತದ್ದು 2020ರಲ್ಲಿ, ಓಸ್ರಾಮ್ ಕಂಪನಿಯ ಬಲ್ಬಿಗೆ. ಅದೂ ಪಟ್ಟಿಯಲ್ಲಿ ಹೆಸರಿಸಿದ ವಾಹನ ಮಾದರಿಗಳಿಗೆ ಮಾತ್ರ. ಬಲ್ಬನ್ನು ದೀಪದಿಂದ ಬಿಡಿಸಿ ಪರೀಕ್ಷಿಸಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಕಾಣದು.

ದೀಪದ ಕೋನದ ಮಾತು ಸಣ್ಣದು, ಪರಿಣಾಮ ದೊಡ್ಡದು. ನೆಲದಿಂದ 65 ಸೆಂಟಿಮೀಟರ್ ಎತ್ತರದ ದೀಪವನ್ನು ಶೇ 1ರಷ್ಟು, ಅಂದರೆ 10 ಮೀಟರಿಗೆ 10 ಸೆಂಟಿಮೀಟರ್, ಕೆಳಗೆ ಬಾಗಿಸಿದರೆ ಲೋ ಬೀಮಿನ ಅಂಚು 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಶೇ 2 ಬಾಗಿದರೆ ಆ ದೂರ ಅರ್ಧಕ್ಕಿಳಿಯುತ್ತದೆ. 80 ಕಿ.ಮೀ. ವೇಗದಲ್ಲಿರುವ ಕಾರು, ಚಾಲಕ ಒಂದೂವರೆ ಸೆಕೆಂಡಿನಲ್ಲಿ ಬ್ರೇಕ್ ತುಳಿದರೂ, ಒಣ ರಸ್ತೆಯಲ್ಲಿ ನಿಲ್ಲಲು 70 ಮೀಟರ್ ಬೇಕು. ಇನ್ನು ಹಿಂದಿನ ಸೀಟು, ಡಿಕ್ಕಿ ತುಂಬಿಸಿ ಊರಿಗೆ ಹೊರಟಾಗ ಹಿಂಭಾಗ 5 ಸೆಂಟಿಮೀಟರ್ ಕುಸಿದರೆ ಮೂತಿ ಶೇ 2ರಷ್ಟು ಮೇಲೇಳುತ್ತದೆ, ಸರಿಯಾಗಿದ್ದ ಲೋ ಬೀಮೂ ಎದುರಿನವರಿಗೆ ಹೈ ಬೀಮಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ 0ಯಿಂದ 3ರವರೆಗೆ ತಿರುಗುವ ಪುಟ್ಟ ಚಕ್ರ ಇರುವುದು ಇದಕ್ಕೇ. ಅದನ್ನು ಎಷ್ಟು ಜನ ಮುಟ್ಟುತ್ತಾರೋ! ಎದುರಿನವರ ಕಣ್ಣು ಕೋರೈಸದಂತೆ ಬೆಳಕು ಸದಾ ಕೆಳಕ್ಕೆ ಬಾಗಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮ ಹೇಳುತ್ತದೆ. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೂ ನಡೆಸಿದರು.

ಬಣ್ಣದ ಬಗ್ಗೆ ಒಂದು ಮಾತು. ಚಾರ್ಮಾಡಿ, ಆಗುಂಬೆಯ ಮಳೆಗಾಲದ ಮಂಜನ್ನು ಹಳದಿ ಬೆಳಕು ಸೀಳುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡವು, ಹಾಗಾಗಿ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಹಳದಿಯಿಂದ ಲಾಭವಿದ್ದರೆ ಅದು ಕಣ್ಣಿಗೆ: ನೀಲಿ ಬೆರೆತ ಬಿಳುಪು ಹೆಚ್ಚು ಕೋರೈಸುತ್ತದೆ. ಫ್ರಾನ್ಸ್ ಹಳದಿ ಹೆಡ್‌ಲೈಟಿನ ಕಡ್ಡಾಯವನ್ನು 1993ರಲ್ಲಿ ಕೈಬಿಟ್ಟಿತು.

ದೀಪದ ಮಬ್ಬಾದ, ಹಳದಿಗಟ್ಟಿದ ಮುಂಗವಚದಿಂದಾಗುವ ನಷ್ಟವೂ ಸಣ್ಣದಲ್ಲ. ಅಮೆರಿಕದ ವಾಹನ ಚಾಲಕರ ಸಂಘ ಎಎಎ 2018ರಲ್ಲಿ ಪರೀಕ್ಷಿಸಿದಾಗ, ತೀರಾ ಹಾಳಾದ ದೀಪಗಳು ಹೊಸದರ ಐದನೇ ಒಂದು ಭಾಗದಷ್ಟು ಬೆಳಕನ್ನಷ್ಟೇ ಕೊಟ್ಟವು. ಒಳಗೆ ಎಂಥ ಬಲ್ಬ್ ಹಾಕಿದರೂ ಬೆಳಕು ದಾಟಬೇಕಾದದ್ದು ಈ ಕವಚವನ್ನೇ.

ಆದ್ದರಿಂದ ಹೊಸ ಬಲ್ಬಿಗೆ ದುಡ್ಡು ಕೊಡುವ ಮೊದಲು ಎಲೆಕ್ಟ್ರಿಷಿಯನ್ ಬಳಿ ಒಂದು ಕೆಲಸ ಮಾಡಿಸಿ. ಎಂಜಿನ್ ಚಾಲೂ ಇರಲಿ, ಲೋ ಬೀಮ್ ಹೊತ್ತಿಸಿ, ಬ್ಯಾಟರಿಯಲ್ಲೂ ಬಲ್ಬಿನ ಹೋಲ್ಡರಿನಲ್ಲೂ ಮಲ್ಟಿಮೀಟರ್ ಹಿಡಿಸಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದ್ದರೆ ವೈರಿಂಗ್ ಮಾಡಿಸಿಕೊಳ್ಳಿ. ಅಳೆಯುವುದೇನೂ ಬೇಡ ಸಾರ್, ಬಲ್ಬ್ ಹಾಕಿಬಿಡೋಣ ಎಂದರೆ ಬೇರೆ ಅಂಗಡಿ ನೋಡಿ.