ರೂಬೆಲ್ ಮತ್ತು ಧೂಪದಾಳ: ಕಾಡುಹಣ್ಣು ತೋಟಕ್ಕೆ ಬಂದ ಕತೆ

ಡೆಲಿವರಿ ಆ್ಯಪ್‌ನಾಗ ಸಣ್ಣ ಡಬ್ಬಿಯೊಳಗ ಬ್ಲೂಬೆರಿ ಬರತಾವಲ್ಲ, ನೂರಾ ಹದಿನೈದು ವರ್ಷದ ಹಿಂದೆ ಅದು ತೋಟದ ಬೆಳೆನೇ ಆಗಿರಲಿಲ್ಲ. ಅಮೆರಿಕದ ಕಾಡಿನಾಗ ಬಿಡತಿತ್ತು, ಜನ ಆರಿಸಿ ತಂದು ಮಾರತಿದ್ರು. ಹೊಲದಾಗ ಹಚ್ಚಿದ್ರ ಬದುಕತಿರಲಿಲ್ಲ. ಕಾರಣ ಹುಡುಕಿದವರು ಅಲ್ಲಿನ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡೆರಿಕ್ ಕೋವಿಲ್. ಈ ಗಿಡಕ್ಕೆ ಹುಳಿ ಮಣ್ಣೇ ಬೇಕು ಅಂತ 1910ರಲ್ಲಿ ಬರೆದರು.

ಅದನ್ನ ಓದಿದ ನ್ಯೂಜೆರ್ಸಿಯ ಎಲಿಜಬೆತ್ ವೈಟ್, ‘ನಮ್ಮ ಜಮೀನಿನಾಗ ಪ್ರಯೋಗ ಮಾಡ್ರಿ’ ಅಂತ 1911ರಲ್ಲಿ ಕರೆದರು. ನನಗೆ ಇಷ್ಟ ಆಗೋದು ಈಕೆಯ ಲೆಕ್ಕ. ಕಾಡು ಸುತ್ತೋ ಜನರ ಕೈಗೆ ತೂತಿರೋ ಅಳತೆಪಟ್ಟಿ ಕೊಟ್ಟರು. ತೂತು ಸುಮಾರು 16 ಮಿಲಿಮೀಟರ್. ಅದರಾಗ ಇಳಿಯದಷ್ಟು ದಪ್ಪ ಹಣ್ಣಿನ ಪೊದೆ ತೋರಿಸಿದವರಿಗೆ ದುಡ್ಡು, ಮೇಲಾಗಿ ಪೊದೆಗೆ ಅವರದೇ ಹೆಸರು! ರೂಬ್ ಲೀಕ್ ತೋರಿಸಿದ್ದು ‘ರೂಬೆಲ್’ ಆಯ್ತು. ಇವತ್ತಿಗೂ ಅದನ್ನ ಬೆಳೀತಾರ. 1916ರಲ್ಲಿ ಮೊದಲ ತೋಟದ ಫಸಲು ಮಾರುಕಟ್ಟೆಗೆ ಬಂತು.

ಕರೋಶಿಯಾಗ ಕುಂತು ಇದನ್ನ ಯಾಕ ಹೇಳಾಕತ್ತೀನಿ? ಚಿಕ್ಕೋಡಿ ಸೀಮೆಯ ಎರಿ ಭೂಮಿ ಹುಳಿ ಅಲ್ಲ, ಬ್ಲೂಬೆರಿಗೆ ಆಗಿಬರಂಗಿಲ್ಲ. ಆದ್ರ ನಮಗ ನೇರಲ ಐತಿ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳಾದ ನೆಲವನ್ನೂ ಅದು ತಡಕೋತದ.

ಘಟಪ್ರಭಾ ದಂಡೆಯ ಧೂಪದಾಳ ಗೊತ್ತಲ್ಲ, 1897ರ ಒಡ್ಡಿನ ಊರು? ಅದೇ ಹೆಸರಿನ ದಪ್ಪ ಹಣ್ಣಿನ ನೇರಲ ತಳಿ ಐತಿ. ಅರಭಾವಿಯ ತೋಟಗಾರಿಕೆ ಕಾಲೇಜಿನವರು ಈ ಭಾಗದ ನೇರಲ ಗಿಡಗಳನ್ನ ಅಭ್ಯಾಸ ಮಾಡ್ಯಾರ. ಬೀಜದಿಂದ ಬೆಳೆಸಿದ್ರ ಹಣ್ಣಿಗೆ 8–10 ವರ್ಷ ಕಾಯಬೇಕು, ತಾಯಿಗಿಡದ ಗುಣ ಬರತದ ಅನ್ನೋ ಖಾತ್ರಿನೂ ಇಲ್ಲ. ಕಸಿ ಗಿಡ ಬೇಗ ಬಿಡತದ. ಅದಕ್ಕ ಒಳ್ಳೆ ತಾಯಿಗಿಡ ಹುಡುಕೋದೇ ಮುಖ್ಯ ಕೆಲಸ.

ಕಾಮರ್ಸ್ ಓದಿದವನಾಗಿ ಒಂದು ಮಾತು. ಕಬ್ಬು ವರ್ಷಕ್ಕೊಮ್ಮೆ ರೊಕ್ಕ ಕೊಡತದ, ನೇರಲ ಕಾಯಿಸತದ. ಮಳೆಗಾಲ ಶುರುವಾಗೋ ಹೊತ್ತಿಗೆ ಹಣ್ಣಾಗಿ, ಎರಡ್ಮೂರು ದಿನದಾಗ ಕೆಡತದ. ಎಲ್ಲಾ ಕಬ್ಬು ಕಿತ್ತು ಇದನ್ನ ಹಚ್ಚ್ರಿ ಅಂತ ನಾ ಹೇಳಂಗಿಲ್ಲ. ಆದ್ರ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಬಹಡೋಲಿ ನೇರಲಕ್ಕ ಜಿಐ ಟ್ಯಾಗ್ ಸಿಕ್ಕೇತಿ. ಹೆಸರಿಗೂ ಬೆಲೆ ಐತಿ ಅಂದಂಗಾತು.

ಧೂಪದಾಳ ಅನ್ನೋ ಹೆಸರಿನಾಗ ಊರು ಉಳೀತು, ಗಿಡ ತೋರಿಸಿದವರು ಉಳೀಲಿಲ್ಲ. ನಿಮ್ಮ ಬದುವಿನಾಗ ದಪ್ಪ ಹಣ್ಣಿನ ನೇರಲ ಇದ್ರ, ನೆರಳಿಗೆ ಕಬ್ಬು ಏಳಂಗಿಲ್ಲ ಅಂತ ಕಡಿಯೋ ಮೊದಲು ಹಣ್ಣು ತೂಕ ಮಾಡ್ರಿ. ಕಸಿಕಡ್ಡಿ ಕೇಳಾಕ ಬಂದವರಿಗೆ ಕೊಡ್ರಿ, ಯಾರ ಹೊಲದ ಗಿಡ ಅಂತ ಬರೆಸಿಕೊಂಡೇ ಕೊಡ್ರಿ.