ಆಹಾರದ ಬ್ಯಾಕ್ಟೀರಿಯವೂ ಅಗ್ಗದ ರೋಹಿತದರ್ಶಕವೂ

ಪುಟ್ಟದೊಂದು ರೋಹಿತದರ್ಶಕವನ್ನು ಗಣಕಕ್ಕೆ ಜೋಡಿಸಿ ಹಾಲಿನ ಮೇಲೆ ಬೆಳಕು ಹಾಯಿಸಿದ ಮಾತ್ರಕ್ಕೆ ಅದರೊಳಗಿನ ರೋಗಾಣುವಿನ ಹೆಸರು ಕ್ಷಣಾರ್ಧದಲ್ಲಿ ಹೊರಬೀಳುವುದೆಂಬ ನಂಬಿಕೆ ವಿದ್ವದ್ವಲಯದಲ್ಲಿಯೂ ಹಬ್ಬುತ್ತಿರುವುದರಿಂದ, ಈ ವಿದ್ಯೆ ನಡೆದುಬಂದ ದಾರಿಯನ್ನು ಒಮ್ಮೆ ಪರಿಶೀಲಿಸುವುದು ಅವಶ್ಯವೆಂದು ತೋರುತ್ತದೆ.

ರಾಮನ್ನರು 1928ರಲ್ಲಿಯೇ ಚದರಿದ ಬೆಳಕಿನ ವರ್ಣಾಂತರವನ್ನು ಕಂಡುಹಿಡಿದರಾದರೂ ಅದು ಬ್ಯಾಕ್ಟೀರಿಯಗಳ ಪರೀಕ್ಷೆಗೆ ಒದಗಲು ದಶಕಗಳೇ ಹಿಡಿದವು. 1950ರ ದಶಕದಲ್ಲಿ ಅವಕೆಂಪು ಕಿರಣಗಳಿಂದ ನಡೆದ ಯತ್ನಗಳು, ರೋಹಿತಗಳ ಸೂಕ್ಷ್ಮ ಭೇದವನ್ನು ಅಳೆಯುವ ಸಾಧನವಿಲ್ಲದೆ ಸೊರಗಿದವು. 1991ರಲ್ಲಿ ಬರ್ಲಿನ್ನಿನ ನಾವ್‌ಮನ್ ಮತ್ತು ಸಂಗಡಿಗರು ಫೂರಿಯೇ ಪರಿವರ್ತನೆಯ ಅವಕೆಂಪು ರೋಹಿತಗಳಿಂದ ಬ್ಯಾಕ್ಟೀರಿಯಗಳನ್ನು ವರ್ಗೀಕರಿಸಿ ತೋರಿಸಿದ ಮೇಲೆ ಕ್ಷೇತ್ರಕ್ಕೆ ಗಟ್ಟಿಯಾದ ನೆಲೆ ದೊರೆಯಿತು.

ಅನಂತರದ ಕಾಲ ನಮ್ಮ ಪೀಳಿಗೆಯದು. ನೀರು ಅವಕೆಂಪು ಕಿರಣವನ್ನು ಬಹುವಾಗಿ ಹೀರುವುದರಿಂದ ಒದ್ದೆ ಮಾದರಿಗಳಿಗೆ ರಾಮನ್ ವಿಧಾನವೇ ಅನುಕೂಲ. ಆದರೆ ಆ ಕ್ಷೀಣ ಸಂಕೇತ ಆಹಾರದ ಪ್ರತಿದೀಪ್ತಿಯಲ್ಲಿ ಮುಳುಗಿಹೋಗುವುದು. 785 ನ್ಯಾನೊಮೀಟರಿನ ಲೇಸರಿನಿಂದ ಪ್ರತಿದೀಪ್ತಿಯನ್ನು ತಗ್ಗಿಸಿ, ಉಳಿದ ಉಬ್ಬನ್ನು ಗಣಿತದಿಂದ ಕಳೆದು, 1964ರಲ್ಲಿ ಸವಿಟ್ಸ್ಕಿ ಮತ್ತು ಗೋಲೇ ಪ್ರಕಟಿಸಿದ ಕ್ರಮದಿಂದ ಗದ್ದಲವನ್ನು ಸವರಿದಾಗ, 1003ನೆಯ ತರಂಗಸಂಖ್ಯೆಯ ಆಸುಪಾಸಿನಲ್ಲಿ ಫೀನೈಲಲನೀನಿನ ಕಿರಿದಾದ ಶಿಖರ ತಲೆಯೆತ್ತುವುದನ್ನು ಕಂಡವರಿಗೆ ಸಂಕೇತ ಸಂಸ್ಕರಣದ ಪರಿಶ್ರಮ ವ್ಯರ್ಥವೆಂದು ಎಂದಿಗೂ ಅನ್ನಿಸದು. ಆ ಶಿಖರವಾದರೋ ಎಲ್ಲ ಜೀವಕೋಶಗಳಿಗೂ ಸಾಮಾನ್ಯ. ಜಾತಿಭೇದ ಅಡಗಿರುವುದು ಹತ್ತಾರು ಶಿಖರಗಳ ಪರಸ್ಪರ ಪ್ರಮಾಣದಲ್ಲಿ.

ಅಗ್ಗದ ಉಪಕರಣವೆಂದ ಮಾತ್ರಕ್ಕೆ ಹಳಿಯುವುದು ನ್ಯಾಯವಲ್ಲ. ಡಿವಿಡಿಯ ಲೋಹದ ಪದರವನ್ನು ಸುಲಿದು ಒಂದು ತುಣುಕನ್ನು ವೆಬ್‌ಕ್ಯಾಮೆರಾದ ಮುಂದಿಟ್ಟರೆ, ಅದರ ಗೆರೆಗಳ ಅಂತರ 0.74 ಮೈಕ್ರೊಮೀಟರ್ ಇರುವುದರಿಂದ, ಮಿಲಿಮೀಟರಿಗೆ ಸುಮಾರು 1350 ಗೆರೆಗಳ ಗ್ರೇಟಿಂಗ್ ಸಿದ್ಧವಾಗುತ್ತದೆ. ಪ್ರತಿದೀಪ್ತಿಯ ಅಗಲವಾದ ಪಟ್ಟಿಗಳಿಗೆ ಇದು ಸಾಕು. ರಾಮನ್ನಿನ ಸಣ್ಣ ಶಿಖರಗಳಿಗೆ ಸಾಲದು. ಈ ವಿವೇಚನೆಯಿಲ್ಲದ ಬರೆಹಗಳು ಈಚೆಗೆ ಹೆಚ್ಚಿವೆ.

2019ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು 30 ಬ್ಯಾಕ್ಟೀರಿಯ ಮಾದರಿಗಳನ್ನು ರಾಮನ್ ರೋಹಿತ ಮತ್ತು ನರಜಾಲ ಗಣನೆಗಳಿಂದ ಶೇ. 82ರಷ್ಟು ನಿಖರತೆಯಲ್ಲಿ ಗುರುತಿಸಿದ್ದು ನಿಜಕ್ಕೂ ಗಣ್ಯವಾದ ಸಾಧನೆ. ಆದರೆ ಅವು ಪ್ರತ್ಯೇಕವಾಗಿ ಬೆಳೆಸಿದ ಶುದ್ಧ ಕೃಷಿಗಳು, ಆಹಾರದ ಮಿಶ್ರಣಗಳಲ್ಲ. ಇದನ್ನನುಸರಿಸಿದ ಕೆಲವರು ಒಂದೇ ತಟ್ಟೆಯ ರೋಹಿತಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಿಕೊಂಡು ಶೇ. 99ರ ಯಶಸ್ಸನ್ನು ಸಾರುತ್ತಾರೆ. ಅಲ್ಲಿ ಯಂತ್ರ ಗುರುತಿಸಿದ್ದು ಬ್ಯಾಕ್ಟೀರಿಯವನ್ನೋ, ಆ ದಿನದ ತಟ್ಟೆಯನ್ನೋ ಎಂಬ ಪ್ರಶ್ನೆ ಉತ್ತರ ಕಾಣದೆ ಉಳಿಯುತ್ತದೆ.

ಸಾಲ್ಮೊನೆಲ್ಲದ ವಿಷಯದಲ್ಲಿ ಅನೇಕ ಆಹಾರಗಳಿಗಿರುವ ನಿಯಮವೇನೆಂದರೆ, 25 ಗ್ರಾಂ ಮಾದರಿಯಲ್ಲಿ ಅದು ಕಾಣಿಸಿಕೊಳ್ಳಲೇಕೂಡದು. ಅಷ್ಟು ಆಹಾರದಲ್ಲಿ ಅಡಗಿದ ಒಂದೆರಡು ಕೋಶಗಳನ್ನು ಯಾವ ಬೆಳಕು ಹುಡುಕೀತು? ಪೋಷಕ ದ್ರವದಲ್ಲಿ ಸುಮಾರು ಹದಿನೆಂಟು ಗಂಟೆ ಬೆಳೆಸಿ, ಆಯ್ದ ಮಾಧ್ಯಮಗಳಿಗೆ ದಾಟಿಸಿ, ಕೆಂಪು ತಟ್ಟೆಯ ಮೇಲೆ ಕಪ್ಪು ನಡುವಿನ ಕಾಲನಿಗಳನ್ನು ಆರಿಸುವ ಹಳೆಯ ಕ್ರಮವನ್ನು ಕೈಬಿಡುವುದು ಸಾಧ್ಯವಿಲ್ಲ. ಆದರೆ ಹಾಗೆ ಆರಿಸಿದ ಕಾಲನಿಯ ನಿಜಸ್ವರೂಪವನ್ನು ದೃಢಪಡಿಸಲು ಹಿಡಿಯುವ ಮುಂದಿನ ದಿನಗಳನ್ನು ರೋಹಿತದರ್ಶಕ ಉಳಿಸಬಲ್ಲುದು. ಸಣ್ಣ ಹಾಲಿನ ಡೇರಿಗೆ ಅಷ್ಟೇ ದೊಡ್ಡ ಉಪಕಾರ.

ಅದಕ್ಕೆ ಬೇಕಾದದ್ದು ನಮ್ಮ ಆಹಾರಗಳಿಂದಲೇ ಕೂಡಿಸಿದ ರೋಹಿತಸಂಗ್ರಹ. ಇಡ್ಲಿಯ ಹಿಟ್ಟನ್ನು ಹುದುಗಿಸುವ ಲ್ಯೂಕೊನಾಸ್ಟಾಕ್, ಮೊಸರಿನ ಲ್ಯಾಕ್ಟೊಬ್ಯಾಸಿಲಸ್ ಮೊದಲಾದ ನಿರುಪದ್ರವಿಗಳನ್ನು ಬೇರೆ ಬೇರೆ ತಟ್ಟೆಗಳಲ್ಲಿ, ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಉಪಕರಣಗಳಲ್ಲಿ ಅಳೆದಿಡುವ ಈ ಕೆಲಸಕ್ಕೆ ಹೊಸತನವಿಲ್ಲವೆಂದು ಧನಸಹಾಯವನ್ನು ನಿರಾಕರಿಸುವವರು, ಇನ್ನೊಂದು ನರಜಾಲಕ್ಕೆ ಮಾತ್ರ ಸಂತೋಷದಿಂದ ಒಪ್ಪಿಗೆ ಕೊಡುತ್ತಿದ್ದಾರೆ.