ಜ್ವರ ಬಿಟ್ಟರೂ ಬಿಡದ ಬಳಲಿಕೆ

ಜ್ವರ ಇಳಿದು ತಿಂಗಳುಗಳೇ ಕಳೆದಿರುತ್ತವೆ. ರಕ್ತಪರೀಕ್ಷೆಯ ವರದಿಗಳೆಲ್ಲ ಸರಿಯಾಗಿಯೇ ಇರುತ್ತವೆ. ಆದರೂ ಇಪ್ಪತ್ತು-ಇಪ್ಪತ್ತೈದರ ಹರೆಯದವರಿಗೆ ಒಂದು ಮಹಡಿ ಹತ್ತುವಷ್ಟರಲ್ಲಿ ಕಾಲು ಸೋಲುತ್ತದೆ, ಓದಿದ ಪುಟ ತಲೆಗೆ ಹತ್ತುವುದಿಲ್ಲ, ಹತ್ತು ಗಂಟೆ ಮಲಗಿದರೂ ನಿದ್ರೆ ಮಾಡಿದಂತೆ ಅನಿಸುವುದಿಲ್ಲ. ಮನೆಯವರು ಸೋಮಾರಿತನವೆನ್ನುತ್ತಾರೆ, ಕಚೇರಿಯವರು ನೆಪವೆನ್ನುತ್ತಾರೆ, ಕೆಲವೊಮ್ಮೆ ವೈದ್ಯರೂ ‘ನಿಮಗೇನೂ ಆಗಿಲ್ಲ’ ಎಂದು ಕಳುಹಿಸಿಬಿಡುತ್ತಾರೆ. ವೈರಾಣು ಸೋಂಕಿನ ನಂತರ ಕಾಡುವ ಈ ದೀರ್ಘಕಾಲಿಕ ಬಳಲಿಕೆ ಕಲ್ಪನೆಯಲ್ಲ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಏಳು ದಶಕಗಳ ದಾಖಲೆಯಿದೆ.

ಡೆಂಗಿ, ಫ್ಲೂ, ಕಾಮಾಲೆಯಂತಹ ಕಾಯಿಲೆಗಳ ನಂತರ ಕೆಲವು ವಾರ ನಿಶ್ಶಕ್ತಿ ಉಳಿಯುವುದು ಸಹಜ. ಬಹುಪಾಲು ಜನರಲ್ಲಿ ಅದು ತಾನಾಗಿಯೇ ಕರಗುತ್ತದೆ. ಸಣ್ಣ ಪಾಲಿನವರಲ್ಲಿ ಮಾತ್ರ ಕರಗುವುದಿಲ್ಲ.

1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸುಮಾರು 290 ಮಂದಿ, ಹೆಚ್ಚಾಗಿ ಅಲ್ಲಿನ ಸಿಬ್ಬಂದಿಯೇ, ವಿಚಿತ್ರ ಕಾಯಿಲೆಗೆ ತುತ್ತಾದರು. ಆಸ್ಪತ್ರೆಯನ್ನೇ ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಮರುವರ್ಷ ಇದಕ್ಕೆ ‘ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್’ ಎಂಬ ಹೆಸರು ಬಂದಿತು. ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲಿ ಇದನ್ನು ನರಮಂಡಲದ ರೋಗಗಳ ಪಟ್ಟಿಗೆ ಸೇರಿಸಿತು. ಆದರೆ ಅದರ ಮರುವರ್ಷವೇ ಇಬ್ಬರು ಮನೋವೈದ್ಯರು, ರೋಗಿಗಳನ್ನು ಖುದ್ದಾಗಿ ಪರೀಕ್ಷಿಸದೆ ಹಳೆಯ ಕಡತಗಳನ್ನಷ್ಟೇ ನೋಡಿ, ಇದು ಸಾಮೂಹಿಕ ಉನ್ಮಾದವೆಂದು ಬರೆದರು. ರೋಗಿಗಳ ಮೇಲೆ ಬಿದ್ದ ಆ ಸಂಶಯದ ನೆರಳು ಇನ್ನೂ ಪೂರ್ತಿ ಸರಿದಿಲ್ಲ. 1988ರಲ್ಲಿ ಅಮೆರಿಕದಲ್ಲಿ ಬಂದ ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’ ಎಂಬ ಹೆಸರೂ ಉಪಕಾರ ಮಾಡಲಿಲ್ಲ. ದಣಿವು ಯಾರಿಗಿಲ್ಲ ಎಂದು ಕೇಳುವವರಿಗೆ ಅದು ಅನುಕೂಲವೇ ಆಯಿತು.

ಸಂಶಯ ನಿವಾರಣೆಗೆ ನೆರವಾದದ್ದು ಆಸ್ಟ್ರೇಲಿಯಾದ ಡಬ್ಬೊ ಪಟ್ಟಣದ ಸುತ್ತ ನಡೆದ ಅಧ್ಯಯನ. ಗ್ರಂಥಿಜ್ವರ, ಕ್ಯೂ ಜ್ವರ ಮತ್ತು ರಾಸ್ ರಿವರ್ ವೈರಾಣು ಜ್ವರಕ್ಕೆ ತುತ್ತಾದ 253 ಮಂದಿಯನ್ನು ಆರಂಭದಿಂದಲೇ ಗಮನಿಸಲಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆರು ತಿಂಗಳ ನಂತರವೂ ಶೇ. 12ರಷ್ಟು ಮಂದಿ ದೈನಂದಿನ ಕೆಲಸಕ್ಕೆ ಅಡ್ಡಿಯಾಗುವಷ್ಟು ಬಳಲುತ್ತಿದ್ದರು. ಮೂರೂ ಸೋಂಕುಗಳಲ್ಲಿ ಪ್ರಮಾಣ ಹೆಚ್ಚುಕಡಿಮೆ ಒಂದೇ. ಯಾರು ಬಳಲುತ್ತಾರೆಂಬುದನ್ನು ಸೂಚಿಸಿದ್ದು ಮೊದಲ ಜ್ವರದ ತೀವ್ರತೆಯೇ ಹೊರತು ವ್ಯಕ್ತಿಯ ಮನೋಸ್ವಭಾವವಲ್ಲ. ಅದೇ 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ದಾಖಲಾಗಿದ್ದವು ಎಂಬುದನ್ನು ನೆನೆಯಬೇಕು. ರಾಸ್ ರಿವರ್ ಮತ್ತು ಚಿಕೂನ್‌ಗುನ್ಯಾ ಒಂದೇ ಕುಲದ ವೈರಾಣುಗಳು. 2020ರ ನಂತರ ಕೋವಿಡ್‌ನಿಂದಾಗಿ ಇದೇ ಲಕ್ಷಣಗಳು ಜಗತ್ತಿನಾದ್ಯಂತ ಕಾಣಿಸಿಕೊಂಡವು.

ಗುರುತಿಸುವುದು ಹೇಗೆ?

ಈ ರೋಗದ ಮುಖ್ಯ ಗುರುತು ದಣಿವಲ್ಲ, ಶ್ರಮದ ನಂತರದ ಕುಸಿತ. ಸಂಬಂಧಿಕರ ಮದುವೆಗೆ ಹೋಗಿ ಬಂದ ದಿನ ಚೆನ್ನಾಗಿಯೇ ಇರುವ ವ್ಯಕ್ತಿ ಮರುದಿನವೋ ಮೂರನೆಯ ದಿನವೋ ಹಾಸಿಗೆ ಹಿಡಿಯುತ್ತಾನೆ. ಈ ಅಂತರದಿಂದಾಗಿ ಕಾರಣಕ್ಕೂ ಪರಿಣಾಮಕ್ಕೂ ನಂಟು ಹೊಳೆಯುವುದಿಲ್ಲ. ದೈಹಿಕ ಶ್ರಮವೇ ಆಗಬೇಕೆಂದಿಲ್ಲ, ಪರೀಕ್ಷೆ ಬರೆದರೂ ಹೀಗಾಗಬಹುದು. ಅಮೆರಿಕದ ವೈದ್ಯವಿಜ್ಞಾನ ಸಂಸ್ಥೆ 2015ರಲ್ಲಿ ನೀಡಿದ ಮಾನದಂಡದಲ್ಲಿ ಆರು ತಿಂಗಳು ಮೀರಿದ ಬಳಲಿಕೆ, ಈ ಕುಸಿತ ಮತ್ತು ಚೈತನ್ಯ ತರದ ನಿದ್ರೆ ಕಡ್ಡಾಯ. ಜೊತೆಗೆ ಮರೆವು-ಮಂಕು ಅಥವಾ ನಿಂತಾಗ ಹೆಚ್ಚುವ ತೊಂದರೆ, ಇವೆರಡರಲ್ಲಿ ಒಂದಾದರೂ ಇರಬೇಕು.

ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಿಲ್ಲ. ಬೇರೆ ಕಾರಣಗಳಿಲ್ಲವೆಂದು ಮೊದಲು ತಿಳಿಯಬೇಕು. ನಮ್ಮಲ್ಲಿ ಇದು ಇನ್ನಷ್ಟು ಮುಖ್ಯ. ರಕ್ತಹೀನತೆ, ಶಾಕಾಹಾರಿಗಳಲ್ಲಿ ಬಿ12 ಕೊರತೆ, ಥೈರಾಯಿಡ್ ದೋಷ, ಸಕ್ಕರೆ ಕಾಯಿಲೆ, ಕ್ಷಯ, ಯಕೃತ್ತಿನ ಸೋಂಕು, ಇವೆಲ್ಲವೂ ಬಳಲಿಕೆಯ ವೇಷದಲ್ಲೇ ಬರುತ್ತವೆ. ತೂಕ ಇಳಿಯುತ್ತಿದ್ದರೆ, ರಾತ್ರಿ ಬೆವರುತ್ತಿದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ಎದೆನೋವು, ಏದುಸಿರು ಅಥವಾ ಎದೆಬಡಿತದಲ್ಲಿ ಏರುಪೇರು ಇದ್ದರೆ ವೈರಾಣುವಿನಿಂದ ಹೃದಯಸ್ನಾಯುವಿಗೆ ಊತ ಬಂದಿರಬಹುದು. ಇಸಿಜಿ, ಎಕೋ ಮಾಡಿಸಲು ತಡಮಾಡಬಾರದು. ಖಿನ್ನತೆಯನ್ನೂ ಪರಿಗಣಿಸಬೇಕು. ಸ್ಥೂಲವಾಗಿ ಹೇಳುವುದಾದರೆ, ಖಿನ್ನತೆಯಲ್ಲಿ ಏನನ್ನೂ ಮಾಡುವ ಮನಸ್ಸೇ ಇರುವುದಿಲ್ಲ. ಇಲ್ಲಿ ಮನಸ್ಸಿದೆ, ದೇಹ ಒಪ್ಪುವುದಿಲ್ಲ.

ಬಹಳ ಸಲ ಬಿಟ್ಟುಹೋಗುವ ಪರೀಕ್ಷೆಯೆಂದರೆ ನಾಡಿ ಎಣಿಕೆ. ರೋಗಿಯನ್ನು ಮಲಗಿಸಿ ನಾಡಿ ಎಣಿಸಿ, ಬಳಿಕ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಎಣಿಸಬೇಕು. ರಕ್ತದೊತ್ತಡ ಕುಸಿಯದೆ ನಾಡಿ ನಿಮಿಷಕ್ಕೆ 30ಕ್ಕೂ (ಹತ್ತೊಂಬತ್ತರೊಳಗಿನವರಲ್ಲಿ 40ಕ್ಕೂ) ಹೆಚ್ಚು ಏರಿ ನಿಂತರೆ ಅದು ‘ಪಾಟ್ಸ್’ ಎಂಬ ತೊಂದರೆಯ ಸೂಚನೆ. ಉಪ್ಪು, ನೀರು, ಬಿಗಿ ಕಾಲುಚೀಲ ಮತ್ತು ಔಷಧಗಳಿಂದ ಇದನ್ನು ತಕ್ಕಮಟ್ಟಿಗೆ ಹತೋಟಿಗೆ ತರಬಹುದು. ಅವನ್ನು ವೈದ್ಯರ ಸಲಹೆಯಂತೆಯೇ ಬಳಸಬೇಕು.

ವ್ಯಾಯಾಮವೇ ಮದ್ದೇ?

ಹಲವು ವರ್ಷ ಹಾಗೆಯೇ ನಂಬಲಾಗಿತ್ತು. ಬ್ರಿಟನ್ನಿನಲ್ಲಿ 641 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ‘ಪೇಸ್’ ಪ್ರಯೋಗ, ವ್ಯಾಯಾಮವನ್ನು ಹಂತಹಂತವಾಗಿ ಏರಿಸುವ ಕ್ರಮವನ್ನು ಬೆಂಬಲಿಸಿತ್ತು. ಅದರ ಲೆಕ್ಕಾಚಾರದ ಬಗ್ಗೆ ರೋಗಿಗಳೂ ವಿಜ್ಞಾನಿಗಳೂ ತೀವ್ರ ಆಕ್ಷೇಪವೆತ್ತಿದರು. 2021ರ ಅಕ್ಟೋಬರಿನಲ್ಲಿ ಅಲ್ಲಿನ ‘ನೈಸ್’ ಸಂಸ್ಥೆ ತನ್ನ ಮಾರ್ಗಸೂಚಿಯನ್ನು ಬದಲಿಸಿ ಆ ಚಿಕಿತ್ಸೆಯನ್ನು ಕೈಬಿಟ್ಟಿತು. ಶಕ್ತಿಯನ್ನು ಅಳೆದು ಖರ್ಚುಮಾಡುವುದೇ ಈಗಿನ ಸಲಹೆ. ಕೆಲಸವನ್ನು ತುಂಡು ಮಾಡಿಕೊಂಡು, ನಡುವೆ ಮಲಗಿ, ಚೆನ್ನಾಗಿದ್ದ ದಿನವೂ ಮಿತಿ ಮೀರದಿರುವುದು. ರೋಗವನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದ್ದರಿಂದ ಗ್ಲೂಕೋಸ್ ಬಾಟಲಿಗೂ ‘ಶಕ್ತಿಯ ಸೂಜಿ’ಗೂ ಹಣ ಸುರಿಯುವುದು ವ್ಯರ್ಥ. ವಿಷಮಶೀತ ಜ್ವರ ಬಿಟ್ಟವರನ್ನು ಗಂಜಿ ಕೊಟ್ಟು ವಾರಗಟ್ಟಲೆ ಮಲಗಿಸುತ್ತಿದ್ದ ನಮ್ಮ ಅಜ್ಜಿಯರ ಪಥ್ಯ ಇವುಗಳಿಗಿಂತ ವಿವೇಕದ್ದಾಗಿತ್ತು.

ಹರೆಯದವರಲ್ಲಿ ಚೇತರಿಕೆಯ ಸಾಧ್ಯತೆ ಹಿರಿಯರಿಗಿಂತ ಹೆಚ್ಚು. ಆದರೆ ಆರು ತಿಂಗಳು ತುಂಬಲೆಂದು ಕಾಯುವುದು ಬೇಡ. ವಯಸ್ಕರಲ್ಲಿ ಆರು ವಾರ, ಮಕ್ಕಳಲ್ಲಿ ನಾಲ್ಕು ವಾರ ಈ ಲಕ್ಷಣಗಳಿದ್ದರೆ ರೋಗವನ್ನು ಶಂಕಿಸಬೇಕೆಂದು ‘ನೈಸ್’ ಹೇಳುತ್ತದೆ. ಕಾಲೇಜು, ಕಚೇರಿಗಳಿಗೆ ವೈದ್ಯರ ಪತ್ರ ಬೇಕಾಗುವುದೂ ಇದೇ ಹಂತದಲ್ಲಿ. ವೈದ್ಯರ ಬಳಿ ಹೋಗುವ ಮುನ್ನ ಎರಡು ವಾರ ದಿನಚರಿ ಬರೆದಿಟ್ಟರೆ ಉಪಯುಕ್ತ: ಆ ದಿನ ಮಾಡಿದ ಕೆಲಸ, ಮಲಗಿದ ಹೊತ್ತು, ಕುಸಿತ ಬಂದ ದಿನ ಮತ್ತು ಅದಕ್ಕೆ ಎರಡು ದಿನ ಮುಂಚೆ ಏನು ನಡೆದಿತ್ತೆಂಬ ವಿವರ.